ಚಪ್ಪಲಿಯಡಿಯ ದೆವ್ವದ ಪುಸ್ತಕ

ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದ ವರ್ಷ, ನಾಲ್ಕನೇ ತರಗತಿಯ ಪ್ರತಿ ಮಗುವಿಗೂ ಡೈರಿಯಲ್ಲಿ ಒಂದು ಪುಟ ಇಟ್ಟಿದ್ದೆ. ತಡವರಿಸದೆ ಎಷ್ಟು ಸಾಲು ಓದಿದರೆಂದು ದಿನವೂ ಬರೆಯುತ್ತಿದ್ದೆ. ಒಬ್ಬಳ ಪುಟದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬರೀ ಸೊನ್ನೆ.

ಸೆಪ್ಟೆಂಬರ್‌ನ ಮೊದಲ ಶನಿವಾರ ತುಮಕೂರಿನ ಹಳೇ ಪುಸ್ತಕದಂಗಡಿಯಿಂದ ಮಕ್ಕಳ ದೆವ್ವದ ಕತೆಯೊಂದನ್ನು ತಂದೆ. ಹತ್ತು ಅಧ್ಯಾಯ, ದಪ್ಪಕ್ಷರ. ಮೊದಲನೆಯದನ್ನು ಗಟ್ಟಿಯಾಗಿ ಓದಿ, ಬಾವಿಯೊಳಗಿಂದ ಯಾರೋ ಹಗ್ಗ ಜಗ್ಗುವಲ್ಲಿಗೆ ನಿಲ್ಲಿಸಿದೆ. ಗಂಟೆ ಹೊಡೆದರೂ ಆ ಸೊನ್ನೆಯ ಹುಡುಗಿ ಏಳಲಿಲ್ಲ.

"ಮಿಸ್, ಆಮೇಲೆ?"

"ನೀನೇ ಓದ್ಕೋ."

ಓದಿದಳು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ. ಮೊದಲ ದಿನ ಎರಡು ಸಾಲು. ದಸರಾ ರಜೆಯ ಹೊತ್ತಿಗೆ ಹತ್ತೊಂಬತ್ತು. ರಜೆಗೆ ಪುಸ್ತಕವನ್ನೇ ಕೊಟ್ಟು ಕಳಿಸಿದೆ. ಕಳಿಸಬಾರದಿತ್ತು.

ರಜೆಯಲ್ಲಿ ಅವಳಿಗೆ ಜ್ವರ ಬಂತು. ಶಾಲೆ ತೆರೆದ ಆರನೇ ದಿನ, ಅಂತರಸನಹಳ್ಳಿಯ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಅವಳ ತಾಯಿ ಬಂದರು. ಚೀಲದಿಂದ ಪುಸ್ತಕವನ್ನು ಜಗಲಿಯ ಮೇಲೆ ಸುರಿದರು, ಕೈಯಲ್ಲಿ ಮುಟ್ಟಲಿಲ್ಲ. ಜೊತೆಗೆ ಬೇವಿನ ಸೊಪ್ಪು, ಒಂದು ಹಳೇ ಚಪ್ಪಲಿ. ದೆವ್ವ ಹೊರಬರದಂತೆ ಎಂಟು ದಿನ ಪುಸ್ತಕವನ್ನು ಚಪ್ಪಲಿಯಡಿ ಇಟ್ಟಿದ್ದರಂತೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯವರು ಅವರು.

"ನೀವೇ ಇಟ್ಕಳಿ ಮಿಸ್. ಮಗು ಜ್ವರದಲ್ಲೂ ಬಾವಿ ಬಾವಿ ಅಂತಿತ್ತು."

"ಡಾಕ್ಟ್ರು ಏನಂದ್ರು ಅಕ್ಕ?"

"ಟೈಫಾಯ್ಡ್ ಅಂದ್ರು."

"ಮತ್ತೆ? ಅದು ನೀರಿಂದ ಬರೋದು."

"ಬಾವೀಲಿ ಇನ್ನೇನಿರ್ತದೆ ಮಿಸ್, ನೀರೇ ಅಲ್ವಾ?"

ಪುಸ್ತಕವನ್ನೆತ್ತಿ ಧೂಳು ಒರೆಸಿ ಬೀರುವಿನಲ್ಲಿಟ್ಟೆ.

ಕುಣಿಗಲ್‌ನ ಅಜ್ಜಿ ಮನೆಯಲ್ಲಿ ತಾಯತ ಕಟ್ಟಿಸಿಕೊಂಡು ಹುಡುಗಿ ಮತ್ತೆ ಶಾಲೆಗೆ ಬಂದಳು. ಮೊಲದ ಕತೆ ಕೊಟ್ಟೆ, ಆನೆಯ ಕತೆ ಕೊಟ್ಟೆ. ಯಾವ ಪುಸ್ತಕ ತೆರೆದರೂ ತಾಯತ ಹಿಡಿದು ಕೂರುತ್ತಿದ್ದಳು. ನವೆಂಬರ್ ಸೊನ್ನೆ. ಡಿಸೆಂಬರ್ ಸೊನ್ನೆ. ಜನವರಿಯಲ್ಲಿ ಒಂದು ಸಾಲು, ಅದೂ ಪಕ್ಕದವಳು ಹೇಳಿಕೊಟ್ಟದ್ದು, ಹೊಡೆದುಹಾಕಿದೆ.

ಮಾರ್ಚ್‌ನಲ್ಲಿ, ನನ್ನ ಕೊನೆಯ ದಿನ, ಬಸ್ ಸ್ಟಾಪಿನವರೆಗೂ ಹಿಂದೆ ಬಂದಳು.

"ಮಿಸ್, ಹಗ್ಗ ಹಿಡ್ಕಂಡಿದ್ದ ದೆವ್ವ ಮೇಲಕ್ ಬಂತಾ?"

ಅವಳು ಓದಿದ್ದು ಏಳನೇ ಅಧ್ಯಾಯದವರೆಗೆ. ಬಾವಿಯಲ್ಲಿರುವುದು ದೆವ್ವವಲ್ಲ, ಕಾಲು ಜಾರಿ ಬಿದ್ದ ಹುಡುಗಿ ಎಂದು ತಿಳಿಯುವುದು ಎಂಟನೆಯದರಲ್ಲಿ. ಹೇಳಲು ಬಾಯಿ ತೆರೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಬ್ಯಾಡ ಮಿಸ್, ಹೇಳ್ಬ್ಯಾಡಿ. ಅವ್ವ ಬೈತದೆ."

ಬಸ್ಸು ಬಂತು. ಸೀಟು ಸಿಕ್ಕ ಮೇಲೆ ಅವಳ ಪುಟ ತೆರೆದು, ಆ ದಿನದ ಸೊನ್ನೆ ಬರೆದೆ.