ಬೌನ್ಸಕ್ಕನ ಐದು ಮತ್ತು ನಾಲ್ಕು

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಆಕೆಗೆ ಬೇರೊಂದು ಹೆಸರೂ ಇತ್ತು. ಸಂಬಳದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಎಲ್ಲರ ಬಾಯಲ್ಲೂ ಆಕೆ ಬೌನ್ಸಕ್ಕ. ಕಳಿಸಿದ ಮೇಲ್ ಮುಟ್ಟಬೇಕಾದವರಿಗೆ ಮುಟ್ಟದೆ ಹಿಂದಿರುಗಿ ಬಂದರೆ ಅದಕ್ಕೆ ಬೌನ್ಸ್ ಎನ್ನುತ್ತಾರೆ. ಬರುವಾಗ ಅದು ಸುಮ್ಮನೆ ಬರುವುದಿಲ್ಲ. ಅಂಕಿ, ಚುಕ್ಕೆ, ಒರಟು ಇಂಗ್ಲಿಷು ಎಲ್ಲವನ್ನೂ ಮೈಗೆ ಮೆತ್ತಿಕೊಂಡು ಬರುತ್ತದೆ. ನಮ್ಮಂಥವರು ಅದನ್ನು ಕಂಡ ಕೂಡಲೇ ಅಳಿಸಿಹಾಕಿ, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಚಹಾಕ್ಕೆ ಎದ್ದುಹೋಗುತ್ತೇವೆ. ಬೌನ್ಸಕ್ಕ ಮಾತ್ರ ಕನ್ನಡಕ ಏರಿಸಿಕೊಂಡು, ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಿದ್ದಳು.

"ಮೇಲ್ಗಡೆ ಬರೀ ಉಪಚಾರ. ಕ್ಷಮಿಸಿ, ವಿಷಾದಿಸ್ತೀವಿ ಅಂತ. ನಿಜವಾದ ಬೈಗುಳ ಇರೋದು ಕೆಳಗೆ" ಎಂಬುದು ಆಕೆಯ ಅನುಭವ.

ಆಕೆ ಲ್ಯಾಬಿಗೆ ಸೇರಿದ್ದು ರಕ್ತ ತೆಗೆಯುವ ಕೆಲಸಕ್ಕೆ. ಕೈ ಹಗುರ, ಬಾಯಿ ಭಾರ. "ಇಷ್ಟುದ್ದ ಮೀಸೆ ಬಿಟ್ಕೊಂಡು ಇಷ್ಟು ಸಣ್ಣ ಸೂಜಿಗೆ ಹೆದರ್ತೀರಲ್ಲ!" ಎಂದು ಕೇಳಿಸಿಕೊಂಡ ಗಿರಾಕಿಗಳು ಒಬ್ಬೊಬ್ಬರಾಗಿ ಮುನಿಸಿಕೊಂಡ ಮೇಲೆ, ಡಾಕ್ಟರು ಆಕೆಯನ್ನು ವರದಿ ಕಳಿಸುವ ಮೂಲೆಯ ಕಂಪ್ಯೂಟರಿಗೆ ವರ್ಗ ಮಾಡಿದರು. ಕಂಪ್ಯೂಟರಿಗೆ ಮೀಸೆಯಿಲ್ಲವೆಂಬ ಧೈರ್ಯ ಅವರದು. ಆಕೆ ಅಲ್ಲಿ ಕೂತು, ಮೇಲ್ ಕಂಪನಿಯ ಸಹಾಯವಾಣಿಯವನನ್ನು ಫೋನಿನಲ್ಲೇ ಹಿಂಡಿ ಹಿಂಡಿ ವಿದ್ಯೆ ಕಲಿತಳು. ಕಲಿತದ್ದನ್ನು ಮುಚ್ಚಿಟ್ಟುಕೊಳ್ಳುವ ಜಾತಿಯೂ ಅಲ್ಲ. ಕೇಳಿದವರಿಗೂ ಹೇಳಿದಳು, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳಿದಳು.

"ಅಂಕಿ ನಾಲ್ಕರಿಂದ ಶುರುವಾದ್ರೆ ಮನೆಯವರು ಸ್ನಾನಕ್ಕೆ ಹೋಗಿದ್ದಾರೆ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾ. ಐದರಿಂದ ಶುರುವಾದ್ರೆ ಮುಖದ ಮೇಲೆ ಬಾಗಿಲು ಹಾಕಿದ್ದಾರೆ ಅಂತ. ಯಾಕೆ ಹಾಕಿದ್ರು ಅಂತ ತಿಳ್ಕೊಳ್ಳದೆ ಮತ್ತೆ ಹೋಗಿ ಬಡಿಯೋದು ಮಾನ ಇಲ್ಲದವರ ಕೆಲಸ."

ಈ ಶಾಸ್ತ್ರ ಮನೆಯಲ್ಲೂ ನಡೆಯುತ್ತಿತ್ತು. ತವರಿಗೆ ಹೋಗೋಣವೇ ಎಂದರೆ ವೈರಿಂಗ್ ಕೆಲಸದ ಗಂಡ "ನೋಡೋಣ" ಅಂದರೆ ಅದು ನಾಲ್ಕು; "ಯಾಕೋ ಮೊಣಕಾಲು ನೋವು" ಅಂದರೆ ಐದು. ಅತ್ತೆಯ ಮೌನಕ್ಕೆ ಮಾತ್ರ ಇನ್ನೂ ಸಂಖ್ಯೆ ಸಿಕ್ಕಿರಲಿಲ್ಲ.

ಆ ಅತ್ತೆಯ ಕಣ್ಣನ್ನು ವೈದ್ಯರಿಗೆ ತೋರಿಸಿಕೊಂಡು ಬರಲೆಂದು ಬೌನ್ಸಕ್ಕ ಅರ್ಧ ದಿನ ರಜೆ ಹಾಕಿದಳು. ಮಧ್ಯಾಹ್ನ ಲ್ಯಾಬಿಗೆ ಬಂದು ನೋಡಿದರೆ ಆಕೆಯ ಕುರ್ಚಿಯ ಸುತ್ತ ಗುಂಪು. ಬೆಂಚಿನ ಮೇಲೆ ಒಬ್ಬ ಬಡಗಿ, ಅಂಗಿಯ ಮೇಲೆ ಮರದ ಹೊಟ್ಟು ಹಾಗೇ ಇತ್ತು. ಆತನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಳು. ಬೆಳಗಾದರೆ ಹೊಟ್ಟೆಯ ಗಡ್ಡೆಯ ಆಪರೇಷನ್. ಈ ಲ್ಯಾಬಿನ ವರದಿ ಸಂಜೆಯೊಳಗೆ ಅಲ್ಲಿಗೆ ಮುಟ್ಟದಿದ್ದರೆ ಅವಳ ಸರದಿ ಬೇರೆಯವರಿಗೆ ಹೋಗುತ್ತದೆ, ಅವಳದು ಮತ್ತೆ ಯಾವಾಗಲೋ.

"ಪ್ರಿಂಟ್ ಹಿಡ್ಕೊಂಡು ನಾನೇ ಹೋಗಿದ್ದೆ ಅಕ್ಕ" ಎಂದ ಬಡಗಿ. "ಹಿಂದೆ ಯಾರೋ ಸುಳ್ಳು ವರದಿ ತಂದಿದ್ರಂತೆ. ಕಾಗದ ಬೇಡ, ಲ್ಯಾಬಿಂದ ಮೇಲ್ ಬಂದ್ರೇನೇ ತಗೊಳ್ಳೋದು ಅಂದುಬಿಟ್ರು."

ಮೇಲ್ ಹೋಗಿರಲಿಲ್ಲವೆಂದಲ್ಲ, ಹೋದಹೋದದ್ದೆಲ್ಲ ವಾಪಸು ಬರುತ್ತಿತ್ತು. ರಕ್ತ ತೆಗೆಯುವವರಲ್ಲಿ ಕೈಗುಣ ಎಂಬ ನಂಬಿಕೆ ಬಲವಾದದ್ದು. ಒಬ್ಬರಿಗೆ ನರ ಸಿಗದಿದ್ದರೆ ಇನ್ನೊಬ್ಬರು ಬಂದು ಚುಚ್ಚುತ್ತಾರೆ, ಸಿಗುತ್ತದೆ. ಅದೇ ನಂಬಿಕೆಯಿಂದ ಬೆಳಗಿನಿಂದ ಲ್ಯಾಬಿನವರೆಲ್ಲ ಸರದಿಯಂತೆ ಬಂದು ಅದೇ ಮೇಲ್ ಕಳಿಸಿದ್ದರು. "ನನ್ನ ಕೈಗುಣ ಒಂದು ನೋಡೇಬಿಡೋಣ" ಎಂದು ಕೊನೆಗೆ ಕಸ ಗುಡಿಸುವ ಅಜ್ಜಿಯೂ ಒಂದು ಸಲ ಒತ್ತಿದ್ದಳು. ಮೊದಲು 'ತುರ್ತು' ಎಂದಿದ್ದ ತಲೆಬರಹ ಅಷ್ಟರಲ್ಲಿ 'ಅತೀ ಅತೀ ತುರ್ತು' ಆಗಿತ್ತು.

"ಎಲ್ರೂ ಏಳಿ ಮೊದ್ಲು" ಎಂದು ಬೌನ್ಸಕ್ಕ ಕೂತಳು. ಕೆಳಗಿನಿಂದ ಓದಿದಳು. ಐನೂರ ಐವತ್ತು, ಅಂದರೆ ಐದರದು. ಅವರ ಮೇಲ್ ಡಬ್ಬಿ ತುಂಬಿಲ್ಲ, ವಿಳಾಸ ತಪ್ಪಿಲ್ಲ. ಆಸ್ಪತ್ರೆಯ ಯಂತ್ರ ಹೇಳುತ್ತಿದ್ದುದು ಇಷ್ಟೇ: ನೀವು ಆ ಲ್ಯಾಬಿನವರೇ ಎಂಬುದಕ್ಕೆ ನನಗೆ ನಂಬಿಕೆಯಿಲ್ಲ.

"ಇಂಟರ್‌ನೆಟ್ಟಲ್ಲಿರೋ ನಮ್ಮ ಲ್ಯಾಬಿನ ಹೆಸರಿಗೆ, ಆ ಡೊಮೇನಿಗೆ, ಯಾರಾದ್ರೂ ಕೈ ಹಾಕಿದ್ರಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲ್ಯಾಬಿನ ಪ್ರಚಾರದ ಹೊಣೆ ಹೊತ್ತಿದ್ದ ಡಾಕ್ಟರ ಭಾವಮೈದುನ ಮಾತ್ರ ತನ್ನ ಬೂಟು ನೋಡಿಕೊಂಡ.

"ರಿಯಾಯಿತಿ ಮೇಲ್ ಕಳಿಸೋಕೆ ಹೊಸ ಕಂಪನಿ ಹಿಡಿದೆ ಅಕ್ಕ. ಅವ್ರು ಒಂದು ಸಾಲು ಕೊಟ್ಟು ಸೇರಿಸಿ ಅಂದ್ರು. ಸೇರಿಸಿದೆ."

"ಹಳೇ ಸಾಲು?"

"ಅದನ್ನ ಮುಟ್ಟಿಲ್ಲ ಅಕ್ಕ, ನಿಮ್ಮಾಣೆ. ಅದರ ಕೆಳಗೆ ನೀಟಾಗಿ ಇನ್ನೊಂದು."

"ಮುಟ್ಟಬೇಕಿತ್ತು ಮಹಾರಾಯ! ಅದೇ ಸಾಲಿನೊಳಗೆ ಸೇರಿಸಬೇಕಿತ್ತು."

ಪ್ರತಿ ಸಂಸ್ಥೆಯೂ ತನ್ನ ಹೆಸರಿನ ಮೇಲ್ ಎಲ್ಲೆಲ್ಲಿಂದ ಹೊರಡುತ್ತದೆಂದು ಇಂಟರ್‌ನೆಟ್ಟಿನಲ್ಲಿ ಒಂದು ಸಾಲಿನಲ್ಲಿ ಸಾರಿರುತ್ತದೆ. ಒಂದೇ ಸಾಲು. ಎರಡಿದ್ದರೆ ಎದುರಿನ ಯಂತ್ರ ಯಾವುದು ನಿಜವೆಂದು ತಲೆ ಕೆಡಿಸಿಕೊಳ್ಳದೆ ಎರಡನ್ನೂ ತಳ್ಳಿಹಾಕುತ್ತದೆ. ಒಂದೇ ಮನೆಯಿಂದ ಇಬ್ಬರು ಬಂದು ನಾನೇ ಯಜಮಾನ, ನಾನೇ ಯಜಮಾನ ಅಂದರೆ ಯಾರು ಸಾಲ ಕೊಡುತ್ತಾರೆ? ಬೌನ್ಸಕ್ಕ ಎರಡನ್ನೂ ಹೆಣೆದು ಒಂದು ಸಾಲು ಮಾಡಿದಳು, ಇನ್ನೊಂದನ್ನು ಅಳಿಸಿದಳು.

"ಈಗ ಕಳಿಸಿಬಿಡಿ ಅಕ್ಕ" ಎಂದು ಬಡಗಿ ಎದ್ದು ನಿಂತ.

"ಇಲ್ಲಣ್ಣ. ಬದಲಾಯಿಸಿದ್ದು ಎಲ್ಲಾ ಕಡೆ ಹರಡಬೇಕು. ಅದಕ್ಕೆ ಮೊದ್ಲು ಕಳಿಸಿದ್ರೆ ಮತ್ತೆ ಕಪಾಳಕ್ಕೆ ಬೀಳತ್ತೆ."

ಬಾಯಲ್ಲಿ ಹಾಗೆಂದಳೇ ಹೊರತು, ಕಳಿಸಿ ನೋಡುವ ಚಪಲ ಆಕೆಗೂ ಇತ್ತು. ಹೆಣೆದ ಸಾಲಿನಲ್ಲಿ ಒಂದು ಚುಕ್ಕೆ ಆಚೀಚೆಯಾಗಿದ್ದರೆ? ಇಷ್ಟು ದಿನ ಕೊಚ್ಚಿಕೊಂಡದ್ದೆಲ್ಲ ಈ ಮನುಷ್ಯನ ಎದುರಿಗೇ ಮಣ್ಣುಪಾಲು. ಅದು ಹೋಗಲಿ, ಆ ಹೆಂಗಸಿನ ಗತಿ? ಬೌನ್ಸಕ್ಕ ಹೊಸ ಸಾಲು ಹೊರಗೆ ಕಾಣಿಸುತ್ತಿದೆಯೇ ಎಂದು ಮತ್ತೆ ಮತ್ತೆ ತೆರೆದು ನೋಡಿದಳು. ಕಿಟಕಿಯ ಬಿಸಿಲು ಪರದೆಯ ಮೇಲಿಂದ ಸರಿದು ಗೋಡೆ ಹತ್ತಿದ ಮೇಲೆ ಅದು ಕಾಣಿಸಿತು. ಒಂದೇ ಒಂದು ಸಲ, 'ತುರ್ತು' ಇಲ್ಲದೆ, ವರದಿ ಕಳಿಸಿದಳು. ಕಳಿಸಿದ ಮೇಲ್ ಎಲ್ಲಿಗೆ ಮುಟ್ಟಿತೆಂದು ತೋರಿಸುವ ಪುಟ ತೆರೆದಳು.

"ನಾಲ್ಕು!" ಎಂದು ಕೂಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ನಾಲ್ಕು ಬಂತು ಕಣ್ರೋ!"

ಬಡಗಿಯ ಮುಖ ಬಿಳಿಚಿಕೊಂಡಿತು. "ಹೋಗ್ಲಿಲ್ವಾ?"

"ಇನ್ನೂ ಹೋಗಿಲ್ಲ. ಆದ್ರೆ ಬಾಗಿಲು ತೆಗೆದಿದ್ದಾರೆ ಅಣ್ಣ! ನಾವೇ ಅಂತ ಒಪ್ಪಿಕೊಂಡ್ರು. ಬೆಳಗಿಂದ ಈ ಪುಣ್ಯಾತ್ಮರೆಲ್ಲ ಕೈಗುಣ ತೋರಿಸಿದ್ದಾರಲ್ಲ, ಅದಕ್ಕೆ ಅವರಿಗೆ ತಲೆನೋವು. ಸ್ವಲ್ಪ ಸುಧಾರಿಸ್ಕೊಳ್ಳಿ, ಆಮೇಲೆ ಬನ್ನಿ ಅಂತಿದ್ದಾರೆ. ನಾವೇನೂ ಮಾಡೋದು ಬೇಡ, ನಮ್ಮ ಯಂತ್ರಾನೇ ಮತ್ತೆ ಹೋಗತ್ತೆ."

ಭಾವಮೈದುನ ಮೆಲ್ಲಗೆ ಬಗ್ಗಿದ. "ಒಂದ್ಸಲ ನಾನು..."

ಬೌನ್ಸಕ್ಕ ಮೌಸಿನ ತಂತಿ ಕಿತ್ತು, ಮೌಸನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಒಳಗಿನಿಂದ ಡಾಕ್ಟರು ಕೂಗಿದರು: "ಏನಮ್ಮಾ, ಹೋಯ್ತಾ?"

"ಹೊಸ್ತಿಲಲ್ಲಿದೆ ಸಾರ್."

ಎಲ್ಲರೂ ಅಲ್ಲೇ ಕಾದು ಕೂತರು. ಅಷ್ಟು ಹೊತ್ತೂ ಬೌನ್ಸಕ್ಕ ಯಾರಿಗೂ ಏನನ್ನೂ ಕಲಿಸಲಿಲ್ಲವೆಂಬುದನ್ನು ಲ್ಯಾಬಿನವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಬೀದಿಯಲ್ಲಿ ದೀಪ ಹೊತ್ತುವ ಹೊತ್ತಿಗೆ ಬಡಗಿಯ ಫೋನು ಬಡಿದುಕೊಂಡಿತು. ಹೆಂಡತಿ. ಅವಳ ದನಿ ಇಡೀ ಕೋಣೆಗೆ ಕೇಳಿಸಿತು.

"ರೀ, ಊಟದ ತಟ್ಟೆ ಎತ್ಕೊಂಡು ಹೋದ್ರು ರೀ! ಬಿಸಿ ಅನ್ನ, ಇನ್ನೂ ಕಲಸಿರ್ಲಿಲ್ಲ. ವರದಿ ಬಂತಂತೆ, ಬೆಳಿಗ್ಗೆ ಆಪರೇಷನ್ನಂತೆ, ಇನ್ನು ಏನೂ ತಿನ್ನಂಗಿಲ್ವಂತೆ. ಒಂದು ತುತ್ತು ತಿಂದ್ಮೇಲಾದ್ರೂ ಹೇಳ್ಬಾರ್ದಾ?"

"ತಿನ್ಬೇಡ ಕಣೇ" ಎಂದ ಬಡಗಿ. "ತಿನ್ಬೇಡ, ತಿನ್ಬೇಡ." ಹೊಟ್ಟು ಮೆತ್ತಿದ ತೋಳಿನಲ್ಲೇ ಕಣ್ಣೊರೆಸಿಕೊಂಡದ್ದರಿಂದ ಕಣ್ಣು ಇನ್ನಷ್ಟು ಉರಿಯಿತು.

ಅಂಕಿ ನೋಡದೆ ಯಾವುದನ್ನೂ ನಂಬದ ಬೌನ್ಸಕ್ಕ ಪರದೆಯ ಕಡೆ ತಿರುಗಲೇ ಇಲ್ಲ. ಅಂಗಿಯ ಹೊಟ್ಟು ಕೊಡವಿಕೊಳ್ಳಿ ಎಂದು ಬಡಗಿಗೆ ಸನ್ನೆ ಮಾಡಿದಳು.

"ಬೇಗ ಹೊರಡಿ ಅಣ್ಣ. ಹಸಿದಿದ್ದಾರೆ. ಪಕ್ಕದಲ್ಲಿ ಬೈಸಿಕೊಳ್ಳೋಕೆ ಒಬ್ರು ಬೇಕು."