ಸ್ಪೀಕರಿಗೆ ತೊಡಿಸಿದ ಸೇರು

ಭಾಲ್ಕಿಯ ಆ ಮನೆಯ ಕಲರ್ ಟಿವಿಯಲ್ಲಿ ಮನುಷ್ಯರ ಮುಖ ಹಸಿರಾಗಿದ್ದಕ್ಕೆ ಕಾರಣ ನಾನೇ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ತಿಂಗಳ ಮೇಲೆ ಹಿಡಿಯಿತು.

ಬೀದರಿನಲ್ಲಿ ನನ್ನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಶಾಲೆಯ ಪಾಠ ಉರ್ದುವಿನಿಂದ ಕನ್ನಡಕ್ಕೆ ಹೊರಳಿತು. ಮತ್ತೆ ಮೊದಲಿನಿಂದ ಅಕ್ಷರ ತಿದ್ದಲು ನಾಚಿ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟೆ. ಮುಂದೆ ಕಲಿತದ್ದೆಲ್ಲ ಕೈಯಿಂದ. ಓದಿದವರು ಉಸ್ತಾದ್ ಎಂದು ಕರೆದರೆ ಎದೆ ಉಬ್ಬುತ್ತಿತ್ತು.

ಆ ಮನೆಯ ಯಜಮಾನರು ತಹಸೀಲ್ ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ಔರಾದದಲ್ಲಿ ಶಿಕ್ಷಕಿಯಾಗಿದ್ದ ಮಗಳು ಒಬ್ಬಳೇ ಬೀದರಿಗೆ ಬಂದು, ನೋಡಿ ಆರಿಸಿ, ಅಪ್ಪನಿಗೆ ಆ ಟಿವಿ ಕೊಡಿಸಿದ್ದಳು. ಅವರಿಗೆ ಕಿವಿ ಮಂದ. ದನಿ ದೊಡ್ಡದಾಗಲೆಂದು ನಾನು ಟಿವಿಯ ಎರಡೂ ಮಗ್ಗುಲಿಗೆ ದೊಡ್ಡ ಸ್ಪೀಕರ್ ಪೆಟ್ಟಿಗೆ ಒತ್ತಿ ಕೂರಿಸಿದೆ. ಆಗ ಕರೆಂಟ್ ಇರಲಿಲ್ಲ. ತಂತಿ ಜೋಡಿಸಿ ಬಂದುಬಿಟ್ಟೆ. ಮರುದಿನವೇ ಹೇಳಿಕಳಿಸಿದರು.

“ಏನ್ರಿ ಉಸ್ತಾದ್, ಮಂದಿ ಎಲ್ಲಾ ಹೆಸರಕಾಳು ಆಗ್ಯಾರಲ್ರಿ!”

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. “ಪಿಕ್ಚರ್ ಟ್ಯೂಬ್ ಹಳೇದದರಿ. ನಿಮ್ಮ ಮಗಳಿಗಿ ಅಂಗಡ್ಯಾಂವ ಟೋಪಿ ಹಾಕ್ಯಾನ,” ಎಂದೆ.

ಟಿವಿ ಮತ್ತೆ ನೋಡಲು ನಾನು ಹೋಗಿದ್ದ ರವಿವಾರವೇ ಮಗಳು ಬಂದಾಗ ಅಪ್ಪ ನನ್ನೆದುರೇ ಬೈದರು: “ದೊಡ್ಡ ಟೀಚರ್! ಯಾರ್ನೂ ಕೇಳ್ದ ಒಬ್ಬಾಕಿನೇ ಹೋಗಿ ತರ್ತಾಳಂತ!” ಅವಳು ನನ್ನತ್ತ ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು. ಆಮೇಲೆ ಬರುವುದನ್ನೇ ನಿಲ್ಲಿಸಿದಳು.

ಮೂರು ವಾರದ ಮೇಲೆ ನನ್ನ ಅಂಗಡಿಯಲ್ಲೇ, ಬಿಚ್ಚಿಟ್ಟ ಸ್ಪೀಕರೊಂದು ಇನ್ಯಾರದೋ ಟಿವಿಗೆ ತಾಗಿ ಪರದೆಯ ಮೂಲೆ ಹಸಿರಾಯಿತು. ಸ್ಪೀಕರ್ ಸರಿಸಿ, ಟಿವಿ ಆರಿಸಿ ಮತ್ತೆ ಹಚ್ಚಿದೆ. ಬಣ್ಣ ನೆಟ್ಟಗಾಯಿತು. ಮಿಕ್ನಾತೀಸ್! ಅಯಸ್ಕಾಂತಕ್ಕೆ ಉರ್ದು ಶಾಲೆಯಲ್ಲಿ ಕಲಿತ ಹೆಸರೇ ಮೊದಲು ನೆನಪಾಯಿತು. ಭಾಲ್ಕಿಯ ಟಿವಿಗೆ ನಾನು ಒತ್ತಿ ಕೂರಿಸಿದ ಪೆಟ್ಟಿಗೆಗಳಲ್ಲೂ ಇದ್ದದ್ದು ಅದೇ.

ಭಾಲ್ಕಿಗೆ ಹೋಗಿ ಪೆಟ್ಟಿಗೆ ದೂರ ಸರಿಸಿದ್ದರೆ ಮುಗಿಯುತ್ತಿತ್ತು. ಆದರೆ ತಪ್ಪು ಯಾರದೆಂದು ಕುರುಡನಿಗೂ ತಿಳಿಯುತ್ತಿತ್ತು. ಪೆಟ್ಟಿಗೆ ಇದ್ದಲ್ಲೇ ಇರಬೇಕು, ಒಳಗೆ ಅಯಸ್ಕಾಂತಕ್ಕೆ ಮರೆ ಕಟ್ಟಬೇಕು ಎಂದುಕೊಂಡೆ. ಪಕ್ಕದಂಗಡಿಯ ಬಿದರಿ ಕುಸುರಿಯವನಲ್ಲಿ ಎರಕ ಕೆಟ್ಟ ಬಿದರಿ ತಟ್ಟೆಗಳಿದ್ದವು. ಅಯಸ್ಕಾಂತ ಆ ಲೋಹವನ್ನು ಮುಟ್ಟುವುದೇ ಇಲ್ಲ. ಹೆದರುತ್ತದೆ, ಅಂದರೆ ತಡೆಯುತ್ತದೆ ಎಂದು ನನ್ನ ಲೆಕ್ಕ.

“ಬಿದರೀಲೆ ಹುಕ್ಕಾ ಆಗ್ತದ, ಹೂದಾನಿ ಆಗ್ತದ. ಟೀವಿಗಿ ತಾಯತಾನೂ ಆಗ್ತದೇನೋ ಮಾರಾಯಾ?” ಎಂದು ನಗುತ್ತಾ ಕೊಟ್ಟ.

ಅಂಗಡಿಯಲ್ಲಿ ಸ್ಪೀಕರಿಗೂ ಟಿವಿಗೂ ನಡುವೆ ತಟ್ಟೆ ಇಟ್ಟು ನೋಡಿದೆ. ಹಸಿರು ಕದಲಲಿಲ್ಲ. ಸತುವಿನ ಲೋಹ, ಅಯಸ್ಕಾಂತದ ಪಾಲಿಗೆ ಬರೀ ಗಾಳಿ. ಅಯಸ್ಕಾಂತವನ್ನು ಹಿಡಿದುಕೊಳ್ಳುವ ಲೋಹವೇ ಅದನ್ನು ತಡೆಯುವುದು ಎಂದು ಆಗ ಹೊಳೆಯಿತು: ಕಬ್ಬಿಣ ಬೇಕು. ಕಿಲೋ ತೂಕ ಬಂದ ಮೇಲೆ ಮೂಲೆ ಸೇರಿದ್ದ, ಜೋಳ ಅಳೆಯುವ ದಪ್ಪ ಕಬ್ಬಿಣದ ಸೇರುಗಳೆರಡನ್ನು ಗುಜರಿಯಿಂದ ತಂದು ಭಾಲ್ಕಿಗೆ ಹೋದೆ. ಪೆಟ್ಟಿಗೆಯ ಹಿಂಬದಿ ಬಿಚ್ಚಿ, ಸ್ಪೀಕರುಗಳ ಬೆನ್ನಿನ ಅಯಸ್ಕಾಂತಕ್ಕೆ ಟೊಪ್ಪಿಗೆಯಂತೆ ತೊಡಿಸಿದೆ. ಟಿವಿ ಹಚ್ಚಿದಾಗ ಮುಖಗಳು ಮನುಷ್ಯರ ಬಣ್ಣಕ್ಕೆ ಬಂದವು.

“ವಾಹ್ ಉಸ್ತಾದ್! ಹಳೇ ಟ್ಯೂಬಿಗಿ ಜೀವ ತಂದ್ರಿ,” ಎಂದರು ಯಜಮಾನರು. ನಾನು ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಆ ಚಹಾ ದಕ್ಕಲಿಲ್ಲ. ಮರುದಿನ ಔರಾದಕ್ಕೆ ಹೋಗಿ ಶಾಲೆಯ ಗೇಟಿನಲ್ಲಿ ಮಗಳಿಗೆ ಎಲ್ಲ ಹೇಳಿದೆ.

“ನನಗ್ಯಾಕ ಹೇಳ್ತೀರಿ? ಟೀವಿ ಹೊಸಾದಂತ ನನಗ ಗೊತ್ತೇ ಇತ್ತಲ್ರಿ. ನಮ್ಮಪ್ಪಗ ಹೇಳ್ರಿ,” ಎಂದು ಒಳಗೆ ಹೋದಳು.

ಭಾಲ್ಕಿಯ ಬಸ್ಸು ನಿಂತಿತ್ತು. ನಾನು ಬೀದರಿನ ಬಸ್ಸು ಹತ್ತಿದೆ.

ಯಜಮಾನರಿಗೆ ಹೇಳಿದ್ದು ಎಂಟು ದಿನ ಬಿಟ್ಟು, ಅವರ ಮಂದ ಕಿವಿಗೆ ಕೇಳುವಂತೆ, ಓಣಿಗೆಲ್ಲ ಕೇಳುವಂತೆ, ಕೂಗಿ. ಅವರು ಬೈಯಲಿಲ್ಲ. ಎದ್ದು ಟಿವಿ ಆರಿಸಿದರು. ಬಾಗಿಲ ಬಳಿ ಚಪ್ಪಲಿ ಹುಡುಕುತ್ತಾ ಕೇಳಿದರು:

“ಔರಾದ ಬಸ್ಸು ಎಷ್ಟಕ್ಕ ಅದರಿ?”