ಗ್ರೋನಿಂಗನ್‌ನ ಅಣ್ಣ ತಂಗಿ

ಅರಬರ ನಾಡಿನ ಜುಬೈಲಿನಲ್ಲಿ ನಾನು ಸರ್ವೆಯರ್. ಕಾರ್ಖಾನೆಗಳ ದೊಡ್ಡ ದೊಡ್ಡ ಟ್ಯಾಂಕುಗಳು ನಿಂತ ನೆಲ ಎಷ್ಟು ಕುಸಿದಿದೆ ಎಂದು ಅಳೆಯುವುದು ನನ್ನ ಕೆಲಸ. ಇಲ್ಲಿಯ ಕಡಲ ಬದಿಯದ್ದು ಉಪ್ಪು ಮಣ್ಣು. ಮೇಲೆ ಗಟ್ಟಿ, ಒಳಗೆ ಮೆದು. ಭಾರ ಹೇರಿದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಗ್ಗುತ್ತದೆ. ನಾನು ಬರೆದು ಕೊಟ್ಟ ಅಳತೆಗಳನ್ನು ನೋಡಿ ಚಿಂತಿಸುವ ಕೆಲಸ ನನ್ನ ಮೇಲಿನ ಎಂಜಿನಿಯರನದು. ಅವನು ನೆದರ್‌ಲ್ಯಾಂಡ್ಸ್‌ನವ. ನಿವೃತ್ತಿಗೆ ಹತ್ತಿರವಾಗಿದ್ದ, ಉದ್ದನೆಯ, ಮೆಲುಮಾತಿನ ಮನುಷ್ಯ.

ಬೇಸಿಗೆಯ ನಡುಮಧ್ಯಾಹ್ನ ಹೊರಗೆ ಕೆಲಸ ಮಾಡುವಂತಿಲ್ಲ. ಆಗ ನಾವಿಬ್ಬರೂ ಸೈಟಿನ ತಗಡಿನ ಕ್ಯಾಬಿನ್ನಿನಲ್ಲಿ ಎಸಿ ಹಾಕಿಕೊಂಡು ಕೂರುತ್ತಿದ್ದೆವು. ಅವನು ಬ್ರೆಡ್ಡು ಬಿಚ್ಚುತ್ತಿದ್ದ, ನಾನು ಬುತ್ತಿ. ಒಂದು ದಿನ ನನ್ನ ಊರು ಯಾವುದೆಂದು ಕೇಳಿದ. ಕರಾವಳಿ, ಕಡಲ ಕರೆಯಲ್ಲೇ ಮನೆ ಎಂದೆ.

"ಕಡಲು ನಿಮ್ಮ ನೆಲ ತಿನ್ನುತ್ತದೆಯೇ?"

"ತಿನ್ನುತ್ತದೆ. ಪ್ರತಿ ಮಳೆಗಾಲ ಲಾರಿಯಲ್ಲಿ ಬಂಡೆ ತಂದು ಹಾಕುತ್ತಾರೆ. ಕಡಲು ಅದನ್ನೂ ತಿನ್ನುತ್ತದೆ."

ಅವನು ಬ್ರೆಡ್ಡು ಕೆಳಗಿಟ್ಟು ನಕ್ಕ. "ಹಾಗಾದರೆ ನಮ್ಮ ಕಥೆ ನಿಮಗೆ ಅರ್ಥವಾಗುತ್ತದೆ" ಎಂದ.

ಅವನ ಸೀಮೆಯ ಹೆಸರು ಗ್ರೋನಿಂಗನ್. ದೇಶದ ಉತ್ತರದ ತುದಿಯಲ್ಲಿರುವ, ಹೊಲಗಳೇ ತುಂಬಿದ ಪ್ರಾಂತ್ಯ. ಮೊದಲಕ್ಷರವನ್ನು ಗಂಟಲಿನಿಂದ ಉಜ್ಜಿ ಹೇಳಬೇಕಂತೆ. ನನಗೆ ಬರಲಿಲ್ಲ. ನಮ್ಮ ಅರಬ್ ಫೋರ್ಮನ್‌ಗೆ ಮೊದಲ ಸಲಕ್ಕೇ ಬಂತು. ಅದಕ್ಕೆ ಅವನು ಎಷ್ಟು ಖುಷಿಪಟ್ಟನೆಂದರೆ ಫೋರ್ಮನ್‌ನ ಕೈ ಹಿಡಿದು ಕುಲುಕಿದ.

ಆ ಬೇಸಿಗೆಯುದ್ದಕ್ಕೂ ತುಂಡು ತುಂಡಾಗಿ ಆ ನೆಲದ ಚರಿತ್ರೆ ಕೇಳಿದೆ. ತೆಂಕಣ ಅಂಚಿನಲ್ಲಿ ಆದಿಕಾಲದ ರೈತರು ಭಾರೀ ಬಂಡೆಗಳನ್ನು ಒಂದರ ಮೇಲೊಂದು ಇಟ್ಟು ಸತ್ತವರಿಗೆ ಮನೆ ಕಟ್ಟಿದ್ದಾರೆ. ಹಿಂದಿನವರು ಅದು ರಾಕ್ಷಸರ ಕೆಲಸವೆಂದು ನಂಬಿದ್ದರಂತೆ. ನಮ್ಮಲ್ಲಿ ಅಂಥದ್ದನ್ನು ಪಾಂಡವರು ಕಟ್ಟಿದ್ದು ಎನ್ನುತ್ತಾರೆ ಎಂದೆ. ಆಮೇಲಿನ ಜನ ಇನ್ನೂ ಉತ್ತರಕ್ಕೆ, ದಿನಕ್ಕೆರಡು ಸಲ ಭರತದ ನೀರು ನುಗ್ಗುವ ಕೆಸರಿಗೇ ಹೋಗಿ ನೆಲೆನಿಂತರು. ಹಸುಗಳಿಗೆ ಅಲ್ಲಿ ಒಳ್ಳೆಯ ಹುಲ್ಲಿತ್ತು, ಅದಕ್ಕೆ. ಸಗಣಿ, ಜೇಡಿ, ಮನೆಯ ಕಸ ಎಲ್ಲವನ್ನೂ ಕಾಲಡಿಗೆ ಹಾಕುತ್ತ ಹಾಕುತ್ತ ತಲೆಮಾರುಗಳಲ್ಲಿ ದಿಬ್ಬ ಎಬ್ಬಿಸಿದರು. ದಿಬ್ಬದ ಮೇಲೆ ಊರು, ಸುತ್ತ ನೀರು. ಕ್ಯಾಬಿನ್ನಿನ ಕಿಟಕಿಯ ಧೂಳಿನಲ್ಲಿ ಬೆರಳಾಡಿಸಿ ಅವನು ಆ ದಿಬ್ಬ ಬರೆದು ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಂತರ ಕ್ರೈಸ್ತ ಮಠದ ಸನ್ಯಾಸಿಗಳು ಬಂದರು, ಒಡ್ಡು ಕಟ್ಟಿದರು. ಒಂದು ಕ್ರಿಸ್ಮಸ್ ಹೊತ್ತಿಗೆ ಕಡಲು ಒಡ್ಡು ಮುರಿದು ಜನ, ದನ ಎಲ್ಲವನ್ನೂ ಕೊಂಡೊಯ್ದಿತು. ಮತ್ತೆ ಕಟ್ಟಿದರು. ಎಲೆ, ಬೇರು ಕೊಳೆತು ಆದ ಜೌಗಿನ ಮಣ್ಣನ್ನು ಅಗೆದು ಒಣಗಿಸಿ ಸೌದೆಯ ಹಾಗೆ ಸುಟ್ಟರು. ದೊಡ್ಡ ರೈತರು ಅರಮನೆಯಂಥ ಕಣಜ ಕಟ್ಟಿಸಿದರು, ಅವರ ಆಳುಗಳು ಮಣ್ಣಿನ ಗುಡಿಸಲಿನಲ್ಲಿ ಉಳಿದರು. ಹಳೆಯ ದಿಬ್ಬಗಳನ್ನೇ ಕಡಿದು ಗೊಬ್ಬರವೆಂದು ಮಾರಿದರು. ಕೊನೆಗೆ ಸಕ್ಕರೆ ತೆಗೆಯುವ ಬೀಟು, ಆಲೂಗಡ್ಡೆಯ ಹೊಲಗಳಿಗೆ ಬಂದು ಅವನ ಕಥೆ ನಿಲ್ಲುತ್ತಿತ್ತು. ಎಷ್ಟು ಸಲ ಕೇಳಿದರೂ ಅಲ್ಲಿಗೇ.

ಚಳಿ ಶುರುವಾದ ಮೇಲೆ ಒಂದು ದಿನ ಕ್ಯಾಬಿನ್ನಿನಲ್ಲಿ ಅವನಿಗೆ ಫೋನು ಬಂತು. ಅವರ ಭಾಷೆಯಲ್ಲಿ ನಾಲ್ಕು ಮಾತು. ಫೋನು ಇಟ್ಟು ನನ್ನ ಕಡೆ ತಿರುಗಿದ.

"ನನ್ನ ತಂಗಿ" ಎಂದ. "ಅಪ್ಪನ ಹೊಲ ನೋಡಿಕೊಳ್ಳುವವಳು ಅವಳೇ. ನಾವು ಮಾತಾಡಿ ಎಷ್ಟೋ ವರ್ಷವಾಯಿತು. ಈಗ ಇಲ್ಲಿಗೆ ಬರುತ್ತಾಳಂತೆ. ಅವಳನ್ನು ಎಲ್ಲಿ ಕೂರಿಸಲಿ, ಏನು ಮಾತಾಡಲಿ, ಒಂದೂ ತೋಚುವುದಿಲ್ಲ."

ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಬನ್ನಿ ಎಂದುಬಿಟ್ಟೆ. ಮನೆಗೆ ಬಂದು ಹೇಳಿದರೆ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

"ಎಂತ ಮಾರಾಯ್ರೆ, ಮಾತು ಬಿಟ್ಟವರನ್ನು ಒಟ್ಟಿಗೆ ಕೂರಿಸಿ ನಾನು ಎಂತ ಬಡಿಸುವುದು? ಮೀನಿನ ಖಾರ ಅವರಿಗೆ ಆಗ್ತದಾ?"

"ಖಾರ ಸ್ವಲ್ಪ ಕಡಿಮೆ ಹಾಕು. ನೀರುದೋಸೆ ಮಾಡು."

ತಂಗಿ ಅಣ್ಣನಷ್ಟೇ ಉದ್ದ. ಬಿಸಿಲಿಗೆ ಕೆಂಪಾದ ಮುಖ, ಹೊಲದಲ್ಲಿ ದುಡಿದ ಅಗಲ ಕೈಗಳು. ಬಂಗುಡೆ ಸಾರಿನಲ್ಲಿ ದೋಸೆ ಅದ್ದಿ ಯಾವ ಸಂಕೋಚವೂ ಇಲ್ಲದೆ ತಿಂದಳು. ತಿನ್ನುತ್ತಲೇ ನನ್ನನ್ನು ಕೇಳಿದಳು: "ನಮ್ಮೂರಿನ ಬಗ್ಗೆ ಇವನು ಹೇಳಿದ್ದಾನಾ?"

ನಾನು ಪಾಠ ಒಪ್ಪಿಸುವವನ ಹಾಗೆ ಬಂಡೆಯ ಮನೆ, ದಿಬ್ಬ, ಒಡ್ಡು, ಕ್ರಿಸ್ಮಸ್ ನೆರೆ, ಬೀಟು ಎಲ್ಲ ಹೇಳಿದೆ.

"ಆಮೇಲೆ?"

"ಆಮೇಲೆ ಆಲೂಗಡ್ಡೆ."

ಅವಳು ಅಣ್ಣನ ಕಡೆ ತಿರುಗಿದಳು. "ಅಲ್ಲಿಗೇ ನಿಲ್ಲಿಸಿದೆಯಾ? ಗ್ಯಾಸಿನ ಮಾತೇ ಇಲ್ಲವಾ?"

ಅವನು ತಟ್ಟೆಗೆ ತಲೆ ತಗ್ಗಿಸಿ ದೋಸೆ ಮುರಿದ. ಉಳಿದದ್ದನ್ನು ಅವಳೇ ಹೇಳಿದಳು. ಬೀಟಿನ ಹೊಲಗಳ ಅಡಿಯಲ್ಲಿ ಅನಿಲ ಸಿಕ್ಕಿತ್ತು. ಇಡೀ ದೇಶದ ಒಲೆ ಅದರಿಂದ ಉರಿಯಿತು. ಅನಿಲ ತೆಗೆದಂತೆ ನೆಲ ತಗ್ಗಿತು, ಆಮೇಲೆ ನಡುಗಲು ಶುರುವಾಯಿತು. ಕಪಾಟಿನಲ್ಲಿ ಲೋಟಗಳು ಕಿಣಿಗುಡುತ್ತಿದ್ದವು. ಮುಚ್ಚುತ್ತಿದ್ದ ಬಾಗಿಲು ಮುಚ್ಚದಾಯಿತು. ಅವರ ಅಪ್ಪನ ಕಣಜದ ಗೋಡೆಯಲ್ಲಿ ಬಿರುಕು ಬಿಟ್ಟು, ಮರದ ಆಸರೆ ಕೊಟ್ಟು ನಿಲ್ಲಿಸಬೇಕಾಯಿತು. ಅಣ್ಣ ಹರೆಯದಿಂದಲೇ ಅನಿಲ ತೆಗೆಯುವವರ ಕೆಲಸದಲ್ಲಿದ್ದವ. ಅವಳು ಫೋನು ಮಾಡಿ ಹೇಳಿದಾಗ, ಅದು ಹಳೆಯ ಕಟ್ಟಡ, ಅದಕ್ಕೇ ಬಿರಿಯುತ್ತದೆ ಎಂದಿದ್ದ. ಇನ್ನು ಮನೆಗೆ ಬರಬೇಡ ಎಂದು ಅವಳು ಹೇಳಿದ್ದು ಆಗ.

"ನೆಲ ತಗ್ಗುತ್ತದೆಂದು ನನಗೆ ಗೊತ್ತಿತ್ತು" ಎಂದ ಅವನು, ತಲೆಯೆತ್ತದೆ. "ನಮ್ಮ ಮನೆಯೇ ಒಡೆಯುತ್ತದೆಂದು ಒಪ್ಪಿಕೊಳ್ಳಲಾಗಲಿಲ್ಲ."

"ನೀನು ಒಪ್ಪಿಕೊಂಡಿದ್ದರೂ ಕಣಜ ಉಳಿಯುತ್ತಿರಲಿಲ್ಲ. ಅದನ್ನು ಕೆಡಹುವಾಗ ನಾನೊಬ್ಬಳೇ ನಿಂತು ನೋಡಬೇಕಾಗುತ್ತಿರಲಿಲ್ಲ, ಅಷ್ಟೇ."

ಅವನು ಆಗ ತಲೆಯೆತ್ತಿದ. ಕಣಜ ಕೆಡಹಿದ್ದು ಅವನಿಗೆ ಗೊತ್ತಿರಲಿಲ್ಲ.

"ಪಾಯದ ಅಡಿ ಕಪ್ಪು ಮಣ್ಣು ಬಂತು" ಎಂದಳು ತಂಗಿ, ದನಿ ತಗ್ಗಿಸಿ. "ದಿಬ್ಬದ ಮಣ್ಣು. ಚಿಪ್ಪು, ಎಲುಬು, ಮಡಕೆ ಚೂರು. ಚಿಕ್ಕಂದಿನಲ್ಲಿ ನಾವು ಹೆಕ್ಕುತ್ತಿದ್ದೆವಲ್ಲ, ಅಂಥದ್ದೇ. ಅದನ್ನು ಕಂಡಾಗ ಯಾರನ್ನಾದರೂ ಕೂಗಿ ಕರೆಯಬೇಕು ಅನ್ನಿಸಿತು. ನೀನೊಬ್ಬನೇ ನೆನಪಾದೆ. ಅದಕ್ಕೇ ಬಂದೆ."

ಅವನು ತಟ್ಟೆ ಬದಿಗೆ ಸರಿಸಿದ. ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ. ನಾನು ಎಲ್ಲಿ ನೋಡುವುದೆಂದು ತಿಳಿಯದೆ ಉಪ್ಪಿನಕಾಯಿ ಭರಣಿ ನೋಡಿದೆ. ಹೆಂಡತಿ ಎದ್ದು, ಕನ್ನಡದಲ್ಲೇ, "ದೋಸೆ ತಣ್ಣಗಾಯಿತು, ಬಿಸಿಯದ್ದು ಹೊಯ್ತೇನೆ" ಎಂದು ಒಳಗೆ ಹೋದಳು. ಅವರಿಬ್ಬರಿಗೂ ಅದು ಅರ್ಥವಾದಂತೆ ತಲೆಯಾಡಿಸಿದರು. ಆಮೇಲೆ ತಮ್ಮ ಭಾಷೆಯಲ್ಲಿ ಮಾತಿಗೆ ತೊಡಗಿದವರು ಸಂಜೆಯ ಚಹಾದವರೆಗೂ ನಿಲ್ಲಿಸಲಿಲ್ಲ. ನಡುವೆ ಒಂದು ಸಲ ಜೋರು ಜಗಳದ ಹಾಗೂ ಕೇಳಿಸಿತು.

ಮರುವರ್ಷ ಅವನು ಕೆಲಸ ಬಿಟ್ಟು ಊರಿಗೆ ಹೋದ. ಅಲ್ಲಿ ಈಗ ಅನಿಲದ ಬಾವಿಗಳನ್ನು ಮುಚ್ಚಿದ್ದಾರೆ; ಆದರೂ ನೆಲ ಆಗಾಗ ನಡುಗುತ್ತದಂತೆ. ತಂಗಿಯ ಹೊಲದ ಹತ್ತಿರವೇ ಬಾಡಿಗೆ ಮನೆ ಹಿಡಿದಿದ್ದಾನೆ. ಕೆಲವೊಮ್ಮೆ ವಾಟ್ಸಾಪಿನಲ್ಲಿ ಹೊಸ ಕಣಜದ ಚಿತ್ರ ಕಳಿಸುತ್ತಾನೆ. ಚೆಂದವೇನೂ ಇಲ್ಲ, ಶೆಡ್ಡಿನ ಹಾಗಿದೆ ಎಂದು ತಾನೇ ಬರೆಯುತ್ತಾನೆ.

ಸಾವಿರಾರು ವರ್ಷಗಳ ಕಥೆಯನ್ನು ಅವನು ಸಲೀಸಾಗಿ ಹೇಳಿದ್ದ. ತನ್ನದೇ ಕಾಲಕ್ಕೆ ಬಂದಾಗ ಮಾತು ನಿಂತುಹೋಯಿತು. ಅದನ್ನು ಯೋಚಿಸುತ್ತ ನಾನು ಒಂದು ರಜಾದಿನ ಊರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಕಡಲಿಗೆ ಹತ್ತಿರದ ಮನೆ ಅವಳದು. ಬಂಡೆ ಹಾಕುವ ಮೊದಲು ನಮ್ಮ ಕರೆಯಲ್ಲಿ ಏನೇನಿತ್ತು ಎಂದು ಕೇಳಿದೆ.

"ಈಗ ಎಂತಕ್ಕೆ ಅದೆಲ್ಲ?" ಎಂದಳು.

"ಸುಮ್ಮನೆ, ಹೇಳು."

ಅವಳು ಶುರುಮಾಡಿದಳು. ಗಾಳಿಮರದ ಸಾಲು, ಅದರಾಚೆ ಬಲೆ ಒಣಗಿಸುವ ಬಯಲು, ಸಿಹಿನೀರಿನ ಒಂದು ಬಾವಿ. ಆ ಬಾವಿ ಈಗ ಅಲೆಯೊಳಗೆ ಎಲ್ಲೋ ಇದೆ. ಒಂದನ್ನು ಹೇಳುವಾಗ ಇನ್ನೊಂದು ನೆನಪಾಗಿ ಅವಳ ದನಿ ಏರುತ್ತ ಹೋಯಿತು.

"ಈ ಸಲ ರಜೆಗೆ ಬಂದಾಗ ಕರಕೊಂಡು ಹೋಗಿ ತೋರಿಸ್ತೇನೆ" ಎಂದಳು ಕೊನೆಗೆ. "ತೋರಿಸಲಿಕ್ಕೆ ಅಲ್ಲಿ ಎಂತದೂ ಇಲ್ಲ. ಆದ್ರೂ ಬಾ."